ವಾಚಿನಲ್ಲಿ ಇರುವುದೆಲ್ಲ ಮಜೂರಿಯೇ

ಒಂದು ದುಬಾರಿ ವಾಚು ಕೊಂಡು, ಐದಾರು ವರ್ಷ ಇಟ್ಟುಕೊಂಡು, ಲಾಭಕ್ಕೆ ಮಾರಿದಿರಿ ಅಂದುಕೊಳ್ಳಿ. ಆ ಲಾಭಕ್ಕೆ ತೆರಿಗೆ ಕಟ್ಟಬೇಕಾ? ನಮ್ಮ ಆದಾಯ ತೆರಿಗೆ ಕಾನೂನು ಇಲ್ಲಿ ಒಂದು ಮಜವಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಆ ವಾಚನ್ನು ನೀವು ಕಟ್ಟಿಕೊಳ್ಳುತ್ತಿದ್ದಿರಾ, ಇಲ್ವಾ? ಬಟ್ಟೆಬರೆ, ಕುರ್ಚಿ ಮೇಜಿನಂಥ ಸ್ವಂತ ಬಳಕೆಯ ವಸ್ತುಗಳನ್ನು ಕಾನೂನು ಬಂಡವಾಳದ ಆಸ್ತಿ ಅಂತ ನೋಡುವುದಿಲ್ಲ, ಹಾಗಾಗಿ ಅವುಗಳ ಲಾಭಕ್ಕೆ ತೆರಿಗೆ ಇಲ್ಲ. ಒಡವೆ, ಚಿತ್ರ, ಶಿಲ್ಪ, ಪುರಾತನ ವಸ್ತುಗಳ ಸಂಗ್ರಹ ಇವಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ. ಚಿನ್ನದ ವಾಚಿಗೆ ವಜ್ರ ಕೂರಿಸಿದ್ದರೆ ಅದು ಒಡವೆಯೇ ಅಂತ ಅಧಿಕಾರಿ ವಾದಿಸಬಹುದು. ಸ್ಟೀಲಿನ ವಾಚಾದರೆ, ಅದು ಕೈ ಮೇಲಿತ್ತಾ ಲಾಕರಿನಲ್ಲಿತ್ತಾ ಅನ್ನುವುದೇ ವಾದ. ಇದನ್ನು ತೆರಿಗೆ ಸಲಹೆ ಅಂತ ತಗೋಬೇಡಿ, ಅದಕ್ಕೆ ನಿಮ್ಮ ಆಡಿಟರ್ ಇದ್ದಾರೆ.

1976ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದೇ ಜಾತಿಯ ತಕರಾರು ಬಂದಿತ್ತು. ಧೋಲ್‌ಪುರದ ಮಹಾರಾಜರು ಚಿನ್ನದ ನಾಣ್ಯ, ಬೆಳ್ಳಿ ಗಟ್ಟಿ ಮಾರಿದ್ದರು. ಅವೆಲ್ಲ ಮಹಾಲಕ್ಷ್ಮಿ ಪೂಜೆಗೆ ಇಡುತ್ತಿದ್ದವು, ಹಾಗಾಗಿ ಸ್ವಂತ ಬಳಕೆಯ ವಸ್ತುಗಳೇ ಎಂದು ಅವರ ವಾದ. ಕೋರ್ಟು ಒಪ್ಪಲಿಲ್ಲ. ಪೂಜೆಗೆಂದು ಹೊರತೆಗೆದು ಮತ್ತೆ ಒಳಗಿಡುವುದು ಬಳಕೆ ಆಗುವುದಿಲ್ಲ, ಮನುಷ್ಯ ಹತ್ತಿರ ಇಟ್ಟುಕೊಂಡು ಸಾಮಾನ್ಯವಾಗಿ ಬಳಸುವಂಥದ್ದು ಆಗಿರಬೇಕು ಎಂಬುದು ಆ ತೀರ್ಪಿನ ಸಾರ. ಬ್ರಿಟನ್ನಿನ ತೆರಿಗೆ ಇಲಾಖೆ ಇನ್ನೂ ಸರಳ. ಅವರ ಪ್ರಕಾರ ವಾಚು ಒಂದು ಯಂತ್ರ, ಯಂತ್ರ ಅಂದರೆ ಸವೆದು ಹೋಗುವ ಆಸ್ತಿ. ಆದ್ದರಿಂದ ಸಾಮಾನ್ಯವಾಗಿ ಅದರ ಲಾಭಕ್ಕೆ ತೆರಿಗೆಯೇ ಇಲ್ಲ.

ವಾಚಿನ ಹುಚ್ಚಿರುವವರ ನಡುವೆ ನಡೆಯುವ ಮುಗಿಯದ ಜಗಳವನ್ನು ಈ ಎರಡು ಕಾನೂನುಗಳು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿವೆ ಅಂತ ನನಗೆ ಅನಿಸುತ್ತದೆ. ಖುಷಿಗೆ ಕೊಳ್ಳಬೇಕಾ, ಇನ್ವೆಸ್ಟ್‌ಮೆಂಟಿಗಾ? ಬೆಂಗಳೂರಿನಲ್ಲಿ ಈಗ ಎಲ್ಲಿ ನಾಲ್ಕು ಜನ ಸಂಬಳದವರು ಸೇರಿದರೂ ಒಬ್ಬರ ಕೈಯಲ್ಲಾದರೂ ಸ್ವಿಸ್ ವಾಚು ಇರುತ್ತದೆ. ಮಾತು ಹತ್ತೇ ನಿಮಿಷದಲ್ಲಿ ಡಯಲಿನಿಂದ ದುಡ್ಡಿಗೆ ಬರುತ್ತದೆ.

ನಮ್ಮ ಅಮ್ಮಂದಿರಿಗೆ ಈ ವಿಷಯದಲ್ಲಿ ಗೊಂದಲವೇ ಇರಲಿಲ್ಲ. ಅವಲಕ್ಕಿ ಸರ ಮಾಡಿಸಲು ಹೋದಾಗ ಚಿನ್ನದ ರೇಟಿನ ಬಗ್ಗೆ ಚೌಕಾಸಿ ಮಾಡುತ್ತಿರಲಿಲ್ಲ. ಅದು ಪೇಪರಿನಲ್ಲಿ ಬಂದಿರುತ್ತದೆ. ಚೌಕಾಸಿ ಎಲ್ಲ ಮಜೂರಿಯದ್ದು. ಈಗಿನವರು ಮೇಕಿಂಗ್ ಚಾರ್ಜು ಅನ್ನುತ್ತಾರಲ್ಲ, ಅದು. ಯಾಕೆಂದರೆ ನಾಳೆ ಆ ಸರ ಮಾರಲು ಹೋದರೆ ಅಂಗಡಿಯವರು ತೂಕ ನೋಡುತ್ತಾರೆ, ಒರೆಗೆ ಹಚ್ಚುತ್ತಾರೆ, ಕಲ್ಲು ಅರಗು ಕಳೆಯುತ್ತಾರೆ. ಮಜೂರಿಗೆ ಒಂದು ಪೈಸೆ ಕೊಡುವುದಿಲ್ಲ. ಅದು ಹಾಕಿಕೊಂಡ ಖುಷಿಗೆ ಕೊಟ್ಟ ದುಡ್ಡು, ಹೋಯಿತು.

ಈಗ ಒಂದು ಸ್ಟೀಲಿನ ರೋಲೆಕ್ಸ್ ತಗೊಳ್ಳಿ. ಚೈನೂ ಸೇರಿ ಸುಮಾರು 140 ಗ್ರಾಂ ಇರಬಹುದು. ಒಳ್ಳೆಯ ಸ್ಟೀಲೇ, ಆದರೂ ಸ್ಟೀಲು. ಗುಜರಿಗೆ ತೂಕಕ್ಕೆ ಹಾಕಿದರೆ ಒಂದು ಮಸಾಲೆ ದೋಸೆಯ ದುಡ್ಡೂ ಹುಟ್ಟುವುದಿಲ್ಲ. ಉಳಿದ ಎಂಟೊಂಬತ್ತು ಲಕ್ಷ ಏನು? ಮಜೂರಿ. ಪೂರ್ತಿ ಮಜೂರಿ. ಕೆಲಸಗಾರನ ಕೈಯದ್ದು, ಹೆಸರಿನದ್ದು, ಜಾಹೀರಾತಿನದ್ದು, ಅಂಗಡಿಯ ಮೆತ್ತನೆ ಸೋಫಾದ್ದು.

ಹಾಗಂತ ಸಮಯವನ್ನಾದರೂ ಸರಿಯಾಗಿ ತೋರಿಸುತ್ತದಾ? ಸ್ವಿಸ್ ಕ್ರೋನೋಮೀಟರ್ ಸರ್ಟಿಫಿಕೇಟ್ ಸಿಗಬೇಕಾದರೆ ವಾಚಿನ ಮಿಷನ್ನು ಸರಾಸರಿ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ, ಅದರೊಳಗೆ ಇರಬೇಕು. ರೋಲೆಕ್ಸ್ ತನ್ನದನ್ನು ಎರಡೇ ಸೆಕೆಂಡಿಗೆ ಬಿಗಿ ಮಾಡಿಕೊಂಡಿದೆ. ಪ್ಲಾಸ್ಟಿಕ್ಕಿನ ಕ್ಯಾಸಿಯೊ ಎಫ್-91ಡಬ್ಲ್ಯು ತಿಂಗಳಿಗೆ 30 ಸೆಕೆಂಡ್ ಒಳಗೆ ಇರುತ್ತದೆ. ದಿನಕ್ಕೆ ಒಂದು ಸೆಕೆಂಡ್ ಆಯಿತು. ಕೆಲಸದ ದೃಷ್ಟಿಯಿಂದ ನೋಡಿದರೆ ಈ ಪಂದ್ಯ ಮುಗಿದು ಅರ್ಧ ಶತಮಾನ ಆಯಿತು. 1969ರ ಡಿಸೆಂಬರ್ 25ರಂದು ಸೀಕೊ ಕಂಪನಿ ಆಸ್ಟ್ರಾನ್ ಎಂಬ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು, ಅಂದರೆ ಕೀ ಬೇಡದ, ಬ್ಯಾಟರಿಯಿಂದ ಓಡುವ ವಾಚನ್ನು, ಟೋಕಿಯೊದಲ್ಲಿ ಮಾರಾಟಕ್ಕೆ ಇಟ್ಟಿತು. ಬೆಲೆ 4,50,000 ಯೆನ್. ಆಗ ಆ ದುಡ್ಡಿಗೆ ಜಪಾನಿನಲ್ಲಿ ಒಂದು ಸಣ್ಣ ಕಾರೇ ಬರುತ್ತಿತ್ತು. ಹತ್ತು ವರ್ಷದೊಳಗೆ ಅದೇ ತಂತ್ರ ಚಿಲ್ಲರೆ ಕಾಸಿಗೆ ಬಂತು. 1970ರ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ಸುಮಾರು 90,000 ಜನ ವಾಚಿನ ಕೆಲಸದಲ್ಲಿದ್ದರು. 80ರ ದಶಕದ ನಡುವಿಗೆ ಅದು 30,000ದ ಆಸುಪಾಸಿಗೆ ಇಳಿದಿತ್ತು.

ಅಲ್ಲಿಂದ ಮುಂದೆ ಕೀ ಕೊಡುವ ವಾಚಿನ ಅಗತ್ಯ ಯಾರಿಗೂ ಇರಲಿಲ್ಲ. ಅಗತ್ಯ ಹೋದ ಮೇಲೆ ಉಳಿದದ್ದು ಕಸುಬು ಮಾತ್ರ. ಅದನ್ನೇ ಲಕ್ಸುರಿ ಅಂತ ಮಾರಿದರು.

ಮಾರಿದ ಚಾಲಾಕಿತನ ಮಾತ್ರ ಮೆಚ್ಚಬೇಕು. 1972ರಲ್ಲಿ ಓಡೆಮಾರ್ ಪಿಗೆ ಕಂಪನಿ ರಾಯಲ್ ಓಕ್ ಎಂಬ ವಾಚು ತಂದಿತು. ಎಂಟು ಮೂಲೆಯ ಚೌಕಟ್ಟು, ಮೇಲೆ ಕಾಣುವ ಹಾಗೆ ಸ್ಕ್ರೂಗಳು. ಮಾಡಿದ್ದು ಸ್ಟೀಲಿನಲ್ಲಿ, ಇಟ್ಟ ಬೆಲೆ ಚಿನ್ನದ ವಾಚಿನದು. ವಿನ್ಯಾಸ ಮಾಡಿದವರು ಜೆರಾಲ್ಡ್ ಜೆಂಟಾ. ಅವರೇ 1976ರಲ್ಲಿ ಪಟೆಕ್ ಫಿಲಿಪ್ ಕಂಪನಿಗೆ ನಾಟಿಲಸ್ ಎಂಬ ವಾಚಿನ ವಿನ್ಯಾಸ ಬರೆದುಕೊಟ್ಟರು. ಜಗತ್ತಿನ ಅತಿ ದುಬಾರಿ ವಾಚುಗಳಲ್ಲಿ ಒಂದನ್ನು ಸ್ಟೀಲಿನಲ್ಲಿ ಮಾಡಿದ್ದೇವೆ ಅಂತ ಪಟೆಕ್‌ನವರು ಜಾಹೀರಾತಿನಲ್ಲೇ ಕೊಚ್ಚಿಕೊಂಡರು. ಎರಡೂ ಶುರುವಿನಲ್ಲಿ ಬಿಸಿ ಬಿಸಿಯಾಗೇನೂ ಮಾರಾಟ ಆಗಲಿಲ್ಲ. ಆಗ ಕೊಂಡವರು ಯಾರು? ಆ ಆಕಾರ ಇಷ್ಟವಾದವರು. ಸುತ್ತಲಿನವರು ತಲೆಕೆಟ್ಟಿದೆ ಅಂದಿರಬೇಕು.

ಈಗ 2021ಕ್ಕೆ ಬನ್ನಿ. ನಾಟಿಲಸ್‌ನ ನೀಲಿ ಡಯಲಿನ 5711 ಮಾದರಿಯನ್ನು ನಿಲ್ಲಿಸುತ್ತೇವೆ ಎಂದು ಪಟೆಕ್ ವರ್ಷದ ಆರಂಭದಲ್ಲೇ ಹೇಳಿತು. ಕೊರೊನಾ ಕಾಲ. ಮನೆಯಲ್ಲಿ ಕೂತ ಜನ, ಕೈಯಲ್ಲಿ ಫೋನು, ಕ್ರಿಪ್ಟೊ ದುಡ್ಡು. ಅಂಗಡಿಯಲ್ಲಿ ಸುಮಾರು 35,000 ಡಾಲರ್ ಇದ್ದ ವಾಚು ಹೊರಗೆ ನಾಲ್ಕೈದು ಪಟ್ಟು ದುಡ್ಡಿಗೆ ಕೈ ಬದಲಾಯಿಸತೊಡಗಿತು. ಜುಲೈನಲ್ಲಿ ಹಸಿರು ಡಯಲಿನ ಒಂದು ಪೀಸು ಮೊನಾಕೊದ ಹರಾಜಿನಲ್ಲಿ 4 ಲಕ್ಷ ಯೂರೊ ದಾಟಿತು. ಮೂಲ ಬೆಲೆಯ ಹತ್ತು ಪಟ್ಟಿಗೂ ಮೇಲೆ. ಡಿಸೆಂಬರಿನಲ್ಲಿ ಅಮೆರಿಕದ ಟಿಫನಿ ಎಂಬ ಒಡವೆ ಅಂಗಡಿಯ ತಿಳಿನೀಲಿ ಬಣ್ಣದಲ್ಲಿ 170 ಪೀಸು ಮಾಡಿದರು. ಅದರಲ್ಲಿ ಮೊದಲನೆಯದು ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ 65 ಲಕ್ಷ ಡಾಲರಿಗೆ ಹೋಯಿತು. ಆ ದುಡ್ಡು ಪರಿಸರದ ಕೆಲಸಕ್ಕೆ ಹೋಯಿತು ಅನ್ನುವುದು ಬೇರೆ ಮಾತು. ಕೊಂಡವರು ದಾನ ಕೊಟ್ಟರು ಅಂತಲೇ ಇಟ್ಟುಕೊಳ್ಳೋಣ.

2022ರ ಬೇಸಿಗೆ ಹೊತ್ತಿಗೆ ಗಾಳಿ ಇಳಿಯಿತು. ಕ್ರಿಪ್ಟೊ ಬಿತ್ತು, ಬಡ್ಡಿ ಏರಿತು. ಅದೇ 5711 ಮುಂದಿನ ಎರಡು ಮೂರು ವರ್ಷದಲ್ಲಿ ಶಿಖರದ ಬೆಲೆಯ ಅರ್ಧದ ಹತ್ತಿರ ಬಂತು. ತುದಿಯಲ್ಲಿ ಕೊಂಡವರಿಗೆ ಏನಾಯಿತು ಅನ್ನುವುದಕ್ಕೆ ಲೆಕ್ಕ ಬೇಡ. ಆ ಕಾಲದಲ್ಲಿ ಹತ್ತು ಗ್ರಾಂ ಚಿನ್ನ 50,000 ರೂಪಾಯಿಯ ಆಚೀಚೆ ಇತ್ತು. 2025ರ ಏಪ್ರಿಲ್‌ನಲ್ಲಿ ಅದು ಒಂದು ಲಕ್ಷ ಮುಟ್ಟಿತು. ಅವಲಕ್ಕಿ ಸರದ ಅಮ್ಮ ಏನೂ ಓದದೆ, ಯಾವ ಯೂಟ್ಯೂಬ್ ಚಾನೆಲ್ಲೂ ನೋಡದೆ, ಗೆದ್ದುಬಿಟ್ಟರು.

ಇನ್ವೆಸ್ಟ್‌ಮೆಂಟ್ ಪಕ್ಷದವರು ಇಲ್ಲಿ ಒಂದು ಮಾತು ಎತ್ತುತ್ತಾರೆ. ಬಿದ್ದರೂ ಆ ವಾಚು ಅಂಗಡಿ ಬೆಲೆಗಿಂತ ಮೇಲೇ ಇದೆಯಲ್ಲ? ಇದೆ, ಸರಿ. ಆದರೆ ಅದು ಅಂಗಡಿ ಬೆಲೆಗೆ ಸಿಕ್ಕವರ ಭಾಗ್ಯ. ಸಿಗುವುದು ಯಾರಿಗೆ? ಹಾಗೆ ಬೆಲೆ ಉಳಿಸಿಕೊಳ್ಳುವ ಮಾದರಿಗಳು ಬೆರಳೆಣಿಕೆಯಷ್ಟು. ರೋಲೆಕ್ಸ್, ಪಟೆಕ್, ಓಡೆಮಾರ್ ಪಿಗೆ, ಜೊತೆಗೆ ಕೆಲವು ಸಣ್ಣ ಸ್ವತಂತ್ರ ಕಸುಬುದಾರರು. ಅವರಲ್ಲೂ ಎಲ್ಲ ಮಾದರಿ ಅಲ್ಲ. ಉಳಿದ ನೂರಾರು ಹೆಸರುಗಳು, ಒಳ್ಳೊಳ್ಳೆಯ ವಾಚುಗಳೇ, ಅಂಗಡಿ ಬಾಗಿಲು ದಾಟುತ್ತಿದ್ದ ಹಾಗೆ ಬೆಲೆ ಕಳೆದುಕೊಳ್ಳುತ್ತವೆ. ಕಾರಿನಂತೆಯೇ.

ನಮ್ಮ ದೇಶದಲ್ಲಿ ಲೆಕ್ಕ ಇನ್ನೂ ಬಿಗಿ. ಹತ್ತು ಲಕ್ಷದ ಬಿಲ್ಲಿನಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿರುತ್ತದೆ. ಅಂದರೆ ಒಂದೂವರೆ ಲಕ್ಷದಷ್ಟು ಸರ್ಕಾರಕ್ಕೆ ಹೋಯಿತು, ಅದನ್ನು ಯಾರೂ ವಾಪಸ್ ಕೊಡುವುದಿಲ್ಲ. ಹತ್ತು ವರ್ಷದಲ್ಲಿ ಎರಡು ಸರ್ವಿಸ್ ಅಂದರೆ ಸುಮಾರು ಒಂದು ಲಕ್ಷ ಇಡಿ. ಮಾರುವಾಗ ಮಧ್ಯದವರು 15 ಶೇಕಡಾ ತಗೊಂಡರು ಅನ್ನಿ. ಅದೇ ಹತ್ತು ಲಕ್ಷ 7 ಶೇಕಡಾ ಬಡ್ಡಿಯ ಎಫ್‌ಡಿಯಲ್ಲಿ ಹತ್ತು ವರ್ಷಕ್ಕೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಬ್ಯಾಂಕಿನ ಎಫ್‌ಡಿಗೆ ಬರೀ ಸಮ ಆಗಬೇಕಾದರೂ ನಿಮ್ಮ ವಾಚು ಸುಮಾರು 24 ಲಕ್ಷಕ್ಕೆ ಮಾರಾಟ ಆಗಬೇಕು. ಇದರ ಮೇಲೆ ಇನ್ನೊಂದಿದೆ. ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಕೂಟದ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚಿನ ಮೇಲಿನ ಸುಂಕ ಕೆಲವು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಯುತ್ತದೆ. ಹೊಸದು ಅಗ್ಗವಾದರೆ ನೀವು ಪೂರ್ತಿ ಸುಂಕ ಕೊಟ್ಟು ಕೊಂಡ ಹಳೆಯದನ್ನು ಯಾರು ಹೆಚ್ಚು ಕೊಟ್ಟು ಕೊಳ್ಳುತ್ತಾರೆ? ಸ್ವಿಸ್ ಫ್ರಾಂಕಿನ ಎದುರು ರೂಪಾಯಿ ಇಳಿಯುತ್ತಲೇ ಇರುವುದರಿಂದ ಇದು ಸ್ವಲ್ಪ ಸರಿದೂಗಬಹುದು. ಅದನ್ನು ನಂಬಿಕೊಂಡು ಕೂರುವುದಾದರೆ ವಾಚು ಯಾಕೆ, ನೇರ ಫ್ರಾಂಕನ್ನೇ ಕೊಳ್ಳಬಹುದಲ್ವಾ.

ಬೆಲೆ ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. ನಟ ಪಾಲ್ ನ್ಯೂಮನ್‌ನ ರೋಲೆಕ್ಸ್ ಡೇಟೋನಾ. ಕೈಯಿಂದ ಕೀ ಕೊಡುವ ವಾಚು. ಆತನಿಗೆ ಕಾರ್ ರೇಸಿನ ಹುಚ್ಚು. ಹೆಂಡತಿ ಜೊಆನ್ ವುಡ್‌ವರ್ಡ್ ಅದನ್ನು ಕೊಡಿಸಿ, ಹಿಂಭಾಗದಲ್ಲಿ ಹುಷಾರಾಗಿ ಗಾಡಿ ಓಡಿಸು ಅಂತ ಕೆತ್ತಿಸಿದ್ದಳು. ಕೆಳಗೆ ಹೆಸರಿಲ್ಲ, ಬರೀ ‘ನಾನು’ ಅಂತ. ಆ ಡಯಲಿನ ಅಂಕಿಗಳು ಸ್ವಲ್ಪ ವಿಚಿತ್ರ, ಒಳಗಿನ ಸಣ್ಣ ವೃತ್ತಗಳಿಗೆ ಬೇರೆ ಬಣ್ಣ. ಆಗಿನ ಕಾಲಕ್ಕೆ ಅದು ಯಾರಿಗೂ ಬೇಡದ ಮಾಲು, ಅಂಗಡಿಗಳಲ್ಲಿ ಕೂತೇ ಇರುತ್ತಿತ್ತು. ಬೆಲೆ ಕೆಲವು ನೂರು ಡಾಲರ್. ನ್ಯೂಮನ್ ಅದನ್ನು ವರ್ಷಗಟ್ಟಲೆ ಕಟ್ಟಿದ. 1984ರಲ್ಲಿ ಒಂದು ದಿನ ಮಗಳ ಗೆಳೆಯನನ್ನು ಟೈಮ್ ಎಷ್ಟು ಅಂತ ಕೇಳಿದ. ಅವನ ಹತ್ತಿರ ವಾಚಿರಲಿಲ್ಲ. ತಗೋ, ಕೀ ಕೊಟ್ಟರೆ ಟೈಮ್ ಚೆನ್ನಾಗೇ ತೋರಿಸುತ್ತೆ ಅಂತ ಬಿಚ್ಚಿ ಕೊಟ್ಟುಬಿಟ್ಟ. ಆ ಹುಡುಗನೂ ಅದನ್ನು ಕಟ್ಟಿಕೊಂಡು ಓಡಾಡಿದ. 2017ರ ಅಕ್ಟೋಬರ್‌ನಲ್ಲಿ ಅದು ಹರಾಜಾದದ್ದು 1 ಕೋಟಿ 77 ಲಕ್ಷ ಡಾಲರಿಗೆ. ಆಗಿನ ಲೆಕ್ಕದಲ್ಲಿ ಸುಮಾರು 115 ಕೋಟಿ ರೂಪಾಯಿ.

ಇದರಲ್ಲಿ ಯಾರು ಇನ್ವೆಸ್ಟ್ ಮಾಡಿದರು? ಕೊಡಿಸಿದವಳು ಗಂಡ ಜೀವಂತ ಮನೆಗೆ ಬರಲಿ ಅಂದುಕೊಂಡಿದ್ದಳು. ಅವನು ಟೈಮ್ ನೋಡುತ್ತಿದ್ದ. ಆ ಡಯಲಿನ ವಾಚುಗಳು ಈಗ ಅಪರೂಪ ಯಾಕೆಂದರೆ ಆಗ ಯಾರಿಗೂ ಬೇಕಿರಲಿಲ್ಲ. ಎಲ್ಲರೂ ಮುಂದಾಲೋಚನೆಯಿಂದ ಕೊಂಡು ಸ್ಟಿಕ್ಕರ್ ಸಮೇತ ಲಾಕರಿನಲ್ಲಿ ಇಟ್ಟಿದ್ದರೆ ಅಪರೂಪ ಎಲ್ಲಿಂದ ಬರುತ್ತಿತ್ತು? ಇವತ್ತು ಜನ ಲಾಭಕ್ಕೆಂದು ಪೆಟ್ಟಿಗೆ, ಕಾರ್ಡು, ಬಿಲ್ಲು ಸಮೇತ ಜೋಪಾನ ಮಾಡುತ್ತಿರುವ ಸಾವಿರಾರು ವಾಚುಗಳಿಗೆ ಮುಂದೊಂದು ದಿನ ಇದೇ ತೊಂದರೆ ಬರುತ್ತದೆ ಅಂತ ನನ್ನ ಅನುಮಾನ. ರೋಲೆಕ್ಸ್ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಚು ಮಾಡುತ್ತದೆ ಅನ್ನುವ ಅಂದಾಜಿದೆ. ಹೊಚ್ಚ ಹೊಸದರ ಹಾಗೆ ಉಳಿದ ಸಬ್‌ಮರೀನರ್ ಮಾದರಿಯ ರೋಲೆಕ್ಸ್‌ಗಳು 2060ರಲ್ಲಿ ರಾಶಿ ರಾಶಿ ಇರುತ್ತವೆ.

ಇನ್ನೊಂದು ಕಥೆ ಇದಕ್ಕಿಂತ ಒಳ್ಳೆಯದು, ಅಷ್ಟು ಪ್ರಸಿದ್ಧಿ ಇಲ್ಲ. ಸ್ವಿಟ್ಜರ್ಲೆಂಡಿನ ಲೆ ಲೋಕ್ಲ್ ಊರಿನಲ್ಲಿ ಜೆನಿತ್ ಕಾರ್ಖಾನೆ. 1969ರಲ್ಲಿ ಅವರು ಎಲ್ ಪ್ರಿಮೆರೊ ಎಂಬ ಮಿಷನ್ನು ತಂದರು. ಸ್ವಯಂಚಾಲಿತ, ಸ್ಟಾಪ್‌ವಾಚೂ ಇದೆ, ಸೆಕೆಂಡಿಗೆ ಹತ್ತು ಬಡಿತ. ಅಷ್ಟರಲ್ಲಿ ಕ್ವಾರ್ಟ್ಜ್ ಬಂತು. 70ರ ದಶಕದ ನಡುವೆ ಕಂಪನಿಯ ಅಮೆರಿಕದ ಮಾಲೀಕರು ಸ್ಪ್ರಿಂಗಿನಿಂದ ಓಡುವ ಮೆಕ್ಯಾನಿಕಲ್ ವಾಚು ಸಾಕು, ಅಚ್ಚುಗಳನ್ನೂ ಯಂತ್ರಗಳನ್ನೂ ಗುಜರಿಗೆ ಹಾಕಿ ಅಂದರು. ಚಾರ್ಲ್ಸ್ ವರ್ಮೊ ಎಂಬ ಕೆಲಸಗಾರ ಬೇಡ ಅಂತ ಪತ್ರ ಬರೆದ. ಕೇಳಲಿಲ್ಲ. ಆಮೇಲೆ ಆತ ಮಾಡಿದ ಕೆಲಸ ನೋಡಿ. ಅಚ್ಚು, ಉಪಕರಣಗಳನ್ನೆಲ್ಲ ಒಂದೊಂದಾಗಿ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ ಬಚ್ಚಿಟ್ಟ. ಯಾವುದು ಯಾವುದಕ್ಕೆ ಅಂತ ಬರೆದೂ ಇಟ್ಟ. 80ರ ದಶಕದಲ್ಲಿ ಮೆಕ್ಯಾನಿಕಲ್ ವಾಚಿಗೆ ಮತ್ತೆ ಬೇಡಿಕೆ ಬಂದಾಗ ಆ ಅಟ್ಟದ ಸಾಮಾನಿನಿಂದಲೇ ಮಿಷನ್ನು ಮತ್ತೆ ಹುಟ್ಟಿತು. 1988ರಲ್ಲಿ ರೋಲೆಕ್ಸ್ ತನ್ನ ಡೇಟೋನಾಕ್ಕೆ ಅದನ್ನೇ ತಗೊಂಡು, ಬಡಿತ ಕಡಿಮೆ ಮಾಡಿ, ತನಗೆ ಬೇಕಾದಂತೆ ತಿದ್ದಿಕೊಂಡಿತು. 2000ದವರೆಗೂ ಅದೇ ನಡೆಯಿತು. ಡೇಟೋನಾಕ್ಕೆ ಕ್ಯೂ ನಿಲ್ಲುವ ಹುಚ್ಚು ಶುರುವಾದದ್ದೂ ಆ ಮಾದರಿಯಿಂದಲೇ. ಮಾಲೀಕರಿಗೆ ಅದರಲ್ಲಿ ಕಂಡದ್ದು ಬರೀ ಕಬ್ಬಿಣದ ತೂಕ. ವರ್ಮೊಗೆ ಕಂಡದ್ದು ಮಜೂರಿ. ಅದರಿಂದ ಆತನಿಗೆ ಶೇರೂ ಸಿಗಲಿಲ್ಲ, ಕಮಿಷನ್ನೂ ಇಲ್ಲ.

ಲಾಕರಿನ ವಿಷಯ ಬಂದಿದ್ದರಿಂದ ಹೇಳಿಬಿಡುತ್ತೇನೆ. ಬ್ಯಾಂಕ್ ಲಾಕರಿನಲ್ಲಿ ಇಟ್ಟ ವಸ್ತು ಬೆಂಕಿಗೋ ಕಳ್ಳತನಕ್ಕೋ ಬ್ಯಾಂಕಿನವರದ್ದೇ ಮೋಸಕ್ಕೋ ಹೋದರೆ, ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು ಮಾತ್ರ. 2022ರ ಜನವರಿಯಿಂದ ಬಂದ ರಿಸರ್ವ್ ಬ್ಯಾಂಕ್ ನಿಯಮ ಇದು. ಬಾಡಿಗೆ 4,000 ಆದರೆ 4 ಲಕ್ಷ. ಒಂದು ಒಳ್ಳೆಯ ಒಮೆಗಾ ವಾಚಿನ ಬೆಲೆಗೂ ಸಾಲದು. ಮೆಕ್ಯಾನಿಕಲ್ ವಾಚು ಲಾಕರಿನಲ್ಲಿ ಎರಡು ಮೂರು ದಿನಕ್ಕೆ ನಿಲ್ಲುತ್ತದೆ. ನಿಂತರೂ ಒಳಗಿನ ಎಣ್ಣೆಗೆ ವಯಸ್ಸಾಗುತ್ತಲೇ ಇರುತ್ತದೆ, ಹತ್ತು ಹದಿನೈದು ವರ್ಷ ಬಿಟ್ಟು ತೆಗೆದರೆ ಸರ್ವಿಸ್ ತಪ್ಪಿದ್ದಲ್ಲ. ಹೊಸತನ ಇರಲಿ ಅಂತ ಬಿಟ್ಟ ಪ್ಲಾಸ್ಟಿಕ್ ಸ್ಟಿಕ್ಕರಿನ ಕೆಳಗೆ ತೇವ ಸೇರಿದರೆ ಸ್ಟೀಲಿನ ಮೇಲೆ ಕಲೆ. ಕಟ್ಟಿಕೊಳ್ಳದವನಿಗೆ ಖುಷಿ ಇಲ್ಲ, ಖರ್ಚು ಮಾತ್ರ ಇದೆ.

ಸರಿ, ಕಟ್ಟಿಕೊಳ್ಳುವವನಿಗೆ ಏನು ಖುಷಿ? ಇದನ್ನು ವಾಚಿನ ಹುಚ್ಚಿಲ್ಲದವರಿಗೆ ವಿವರಿಸುವುದು ಕಷ್ಟ. ನನ್ನದು ಒಮೆಗಾ ಸ್ಪೀಡ್‌ಮಾಸ್ಟರ್, ಕೈಯಿಂದ ಕೀ ಕೊಡುವುದು. ಬೆಳಗ್ಗೆ ಕಾಫಿ ಸೋಸುವ ಹೊತ್ತಿಗೆ ಕೀ ಕೊಟ್ಟರೆ, ಸಾಕು ಅನ್ನುವ ಕಡೆ ಬೆರಳಿಗೆ ಒಂದು ಬಿಗಿ ಸಿಗುತ್ತದೆ. ಹಿಂದೆ ಗಾಜಿದೆ, ಸ್ಟಾಪ್‌ವಾಚಿನ ಗುಂಡಿ ಒತ್ತಿದರೆ ಒಳಗಿನ ಸನ್ನೆಗಳು ಒಂದನ್ನೊಂದು ತಳ್ಳುವುದು ಕಾಣುತ್ತದೆ. ಮೊಟ್ಟೆ ಬೇಯಿಸಲು ಅದನ್ನೇ ಬಳಸುತ್ತೇನೆ. ಇದೇ ಮಾದರಿಯನ್ನು 1965ರ ಮಾರ್ಚ್‌ನಲ್ಲಿ ನಾಸಾ ಗಗನಯಾತ್ರಿಗಳಿಗೆಂದು ಒಪ್ಪಿಕೊಂಡಿತು. 1969ರಲ್ಲಿ ಚಂದ್ರನ ನೆಲದ ಮೇಲೆ ಆಲ್ಡ್ರಿನ್ ಕೈಯಲ್ಲಿ ಇತ್ತು. ಆರ್ಮ್‌ಸ್ಟ್ರಾಂಗ್ ತನ್ನದನ್ನು ನೌಕೆಯೊಳಗೇ ಬಿಟ್ಟು ಇಳಿದಿದ್ದ, ಒಳಗಿನ ಗಡಿಯಾರ ಕೆಟ್ಟಿತ್ತು ಅಂತ. ನನಗೆ ಈ ಆರ್ಮ್‌ಸ್ಟ್ರಾಂಗ್ ಭಾಗವೇ ಹೆಚ್ಚು ಇಷ್ಟ. ಮನೆಯಲ್ಲಿ ಗೋಡೆ ಗಡಿಯಾರ ನಿಂತರೆ ನಾವೂ ಕೈವಾಚು ಬಿಚ್ಚಿ ಮೇಜಿನ ಮೇಲೆ ಇಡುತ್ತೇವಲ್ಲ.

ವಾಚುಗಳ ಹಿಂದೆ ಇಂಥ ಕಥೆಗಳು ಸಿಗುತ್ತವೆ. ಜೇಗರ್ ಲೆಕೂಲ್ಟರ್ ಕಂಪನಿಯ ರಿವರ್ಸೊ ಹುಟ್ಟಿದ್ದು ಭಾರತದ ಪೋಲೊ ಮೈದಾನದ ತಕರಾರಿನಿಂದ. ಆಟದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳ ವಾಚಿನ ಗಾಜು ಒಡೆಯುತ್ತಿತ್ತು. ಇಲ್ಲಿಗೆ ಬಂದಿದ್ದ ಸ್ವಿಸ್ ವ್ಯಾಪಾರಿ ಸೀಸರ್ ಡಿ ಟ್ರೇ ಹತ್ತಿರ ಯಾರೋ ಅದನ್ನು ಹೇಳಿಕೊಂಡರಂತೆ. 1931ರಲ್ಲಿ ಮುಖ ತಿರುಗಿಸಿ ಮುಚ್ಚಿಡಬಹುದಾದ ಆಯತಾಕಾರದ ವಾಚು ತಯಾರಾಯಿತು. ಈಗ ಪೋಲೊ ಆಡುವವರಿಗಿಂತ ರಿವರ್ಸೊ ಕಟ್ಟುವವರು ಎಷ್ಟೋ ಪಟ್ಟು ಜಾಸ್ತಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಅದು ಅಂಗಡಿ ಬೆಲೆಗಿಂತ ಸಾಕಷ್ಟು ಕಡಿಮೆಗೆ ಸಿಗುತ್ತದೆ. ಇನ್ವೆಸ್ಟ್‌ಮೆಂಟಿನವರು ಅದರತ್ತ ತಿರುಗಿಯೂ ನೋಡುವುದಿಲ್ಲ. ನಮಗೆ ಒಳ್ಳೆಯದೇ ಆಯಿತು.

ಕಸುಬು ಎಷ್ಟು ದೊಡ್ಡದಿದ್ದರೂ ಬೆಲೆ ಉಳಿಯುತ್ತದೆ ಅಂತೇನೂ ಇಲ್ಲ. ಹೊಸೂರಿನ ಕಾರ್ಖಾನೆಯಲ್ಲಿ ಟೈಟನ್‌ನವರು 2002ರಲ್ಲಿ ಎಡ್ಜ್ ಮಾಡಿದರು. ಇಡೀ ವಾಚು 3.5 ಮಿಲಿಮೀಟರ್ ದಪ್ಪ, ಒಳಗಿನ ಮಿಷನ್ನು 1.15. ನಮ್ಮ ನೆರೆಯಲ್ಲೇ ನಡೆದ ಅಪ್ಪಟ ಎಂಜಿನಿಯರಿಂಗ್ ಅದು. ಮಾರಲು ಹೋಗಿ ನೋಡಿ. ಬೆಲೆ ಅನ್ನುವುದು ಕಸುಬಿಗೆ ಸಿಗುವ ಮಾರ್ಕ್ಸ್ ಕಾರ್ಡಾಗಿದ್ದರೆ ಎಡ್ಜ್ ಎಲ್ಲೋ ಇರಬೇಕಿತ್ತು.

ಎಚ್‌ಎಂಟಿ ಬಗ್ಗೆ ಬರೆಯದೆ ಬೆಂಗಳೂರಿನವರು ವಾಚಿನ ಲೇಖನ ಮುಗಿಸುವಂತಿಲ್ಲ. ಎಲ್ಲರ ಮನೆಯಲ್ಲೂ ಅಪ್ಪನ ಎಚ್‌ಎಂಟಿಯ ಕಥೆ ಒಂದಿದೆ, ನನ್ನದನ್ನು ಹೇಳಿ ನಿಮ್ಮ ಟೈಮ್ ತಿನ್ನುವುದಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಲ್ಲಿ 1961ರಲ್ಲಿ ಇಲ್ಲಿ ಶುರುವಾದ ಕಾರ್ಖಾನೆ. ಆಮೇಲೆ ತುಮಕೂರಿನಲ್ಲೂ ಬಂತು. ಜನತಾ, ಪೈಲಟ್, ಕೋಹಿನೂರ್, ಕಾಂಚನ. ಮದುವೆಯಲ್ಲಿ ಅಳಿಯನಿಗೆ ಉಂಗುರದ ಜೊತೆ ವಾಚು ಕೊಡುತ್ತಿದ್ದ ಕಾಲ. 2014ರಲ್ಲಿ ಮುಚ್ಚುತ್ತಾರೆ ಅನ್ನುವ ಸುದ್ದಿ ಬಂದದ್ದೇ ತಡ, ಜನ ಮುಗಿಬಿದ್ದರು. ಅಲ್ಲಿಯವರೆಗೆ ಡ್ರಾಯರಿನಲ್ಲಿ ಬಿದ್ದಿದ್ದವು ಇದ್ದಕ್ಕಿದ್ದಂತೆ ಸಂಗ್ರಹ ಆದವು.

ಬೇಡಿಕೆ ಬಂದ ಮೇಲೆ ನಕಲಿಯೂ ಬರಬೇಕಲ್ಲ. ಹಳೇ ಎಚ್‌ಎಂಟಿ, ಫೇವರ್ ಲೂಬಾಗಳ ಡಯಲಿಗೆ ಕಣ್ಣು ಕುಕ್ಕುವ ಬಣ್ಣ ಬಳಿದು, ಸಿಕ್ಕ ಮುಳ್ಳು ಜೋಡಿಸಿ, ಹೊಳಪು ಕೊಟ್ಟು ಮಾರುವ ದೊಡ್ಡ ದಂಧೆಯೇ ಇದೆ. ಸಂಗ್ರಹಕಾರರು ಅದನ್ನು ಬಾಂಬೆ ಸ್ಪೆಷಲ್ ಅನ್ನುತ್ತಾರೆ. ನೋಡಿ ನಗುವುದು ಸುಲಭ. ಆದರೆ 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಕಾಲದ್ದೆನ್ನಲಾದ ಒಂದು ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಬಿಸಿಲಿಗೆ ಡಯಲು ಕಂದು ಬಣ್ಣಕ್ಕೆ ತಿರುಗಿದೆ ಅನ್ನುವುದೇ ಅದರ ಹೆಚ್ಚುಗಾರಿಕೆ. ಕೊಂಡವರು ಯಾರು ಗೊತ್ತಾ? ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಮ್ಮಿಗೆ. 2023ರಲ್ಲಿ ಗೊತ್ತಾಯಿತು, ಅದು ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಕಟ್ಟಿದ್ದು. ತಮ್ಮಲ್ಲೇ ಕೆಲಸ ಮಾಡಿದ್ದ ಮೂವರ ಕೈವಾಡ ಇದೆ ಅಂತ ಕಂಪನಿಯೇ ಹೇಳಿತು. ಮಾಡಿದವರಿಗೇ ತಮ್ಮ ಮಾಲು ಗುರುತು ಸಿಗಲಿಲ್ಲ ಅಂದಮೇಲೆ ಫೋನಿನಲ್ಲಿ ನಾಲ್ಕು ಫೋಟೊ ನೋಡಿ ದುಡ್ಡು ಹಾಕುವವರ ಧೈರ್ಯ ದೊಡ್ಡದು. ಬಾಂಬೆ ಸ್ಪೆಷಲ್ ಕೊಂಡವನಿಗೆ ಹೋಗುವುದು ಹೆಚ್ಚೆಂದರೆ ಸಾವಿರ ರೂಪಾಯಿ. ಆ ಬಣ್ಣ ನಿಜವಾಗಿ ಇಷ್ಟವಾಗಿದ್ದರೆ ಅದೂ ನಷ್ಟವಲ್ಲ.

ನನ್ನ ಚಿಕ್ಕಪ್ಪನ ಮಗ ವೈಟ್‌ಫೀಲ್ಡಿನಲ್ಲಿ ಕೆಲಸದಲ್ಲಿದ್ದಾನೆ. ಮೊನ್ನೆ ಬೋನಸ್ ಬಂದದ್ದೇ ಫೋನ್ ಮಾಡಿದ.

“ಅಣ್ಣಾ, ವಾಚು ತಗೋಬೇಕು ಅಂತಿದೀನಿ. ಯಾವುದಕ್ಕೆ ರಿಸೇಲ್ ಚೆನ್ನಾಗಿದೆ?”

“ನಿನಗೆ ಯಾವುದು ಇಷ್ಟ ಆಗಿದೆಯೋ?”

“ಅದೇ, ರಿಸೇಲ್ ಇರೋದು.”

ಅವನಿಗೆ ನಾನು ಹೇಳಿದ್ದು ಇಷ್ಟು. ಅಂಗಡಿಗೆ ಹೋಗು, ಕಿಟಕಿಯಲ್ಲಿ ಇವತ್ತು ಮಾರಾಟಕ್ಕೆ ಇರುವುದರಲ್ಲಿ ನಾಲ್ಕು ಕಟ್ಟಿ ನೋಡು. ಹತ್ತು ಲಕ್ಷದೊಳಗೆ ಇರಲಿ. 2025ರ ಏಪ್ರಿಲ್‌ನಿಂದ ಅದಕ್ಕೆ ಮೇಲಿನ ವಾಚಿಗೆ ಒಂದು ಶೇಕಡಾ ಟಿಸಿಎಸ್ (ಅಂಗಡಿಯವರೇ ಮುಂಗಡ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೂ ಸುಮ್ನೆ ತಲೆನೋವು. ಕೊಂಡ ದಿನವೇ ಆ ದುಡ್ಡು ಹೋಯಿತು ಅಂತ ಬರೆದುಕೋ. ಮನೆ ವಿಮೆಯಲ್ಲಿ ಅದರ ಹೆಸರು ಸೇರಿಸು. ಸೋಮವಾರ ಆಫೀಸಿಗೆ ಕಟ್ಟಿಕೊಂಡು ಹೋಗು, ಗೀರು ಬಿದ್ದರೆ ಪಾಲಿಶ್ ಮಾಡಿಸಬೇಡ. ಕೊನೆಯ ಮಾತು ಮಾತ್ರ ಅವನಿಗೆ ಹಿಡಿಸಿತು, ಪಾಲಿಶ್ ಮಾಡಿಸದ ವಾಚಿಗೆ ಹರಾಜಿನಲ್ಲಿ ಬೆಲೆ ಹೆಚ್ಚು ಅಂತ ಎಲ್ಲೋ ಓದಿದ್ದನಂತೆ.

ಅಂಗಡಿಗೇನೋ ಹೋದ. ಅವನು ಕೇಳಿದ ಮಾದರಿಗೆ ಹೆಸರು ಬರೆಸಬೇಕು ಅಂದರು. ಬೇರೆ ಏನಾದರೂ ಕೊಂಡ ಗಿರಾಕಿಗಳಿಗೆ ಸ್ವಲ್ಪ ಬೇಗ ಆಗುತ್ತದೆ ಅಂತ ನಗುತ್ತಲೇ ಸೇರಿಸಿದರು. ಹೆಂಡತಿಗೆ ಒಂದು ವಾಚು ಕೊಡಿಸಿ, ಅವಳು ಕೇಳಿರಲಿಲ್ಲ, ಕ್ಯೂನಲ್ಲಿ ಹೆಸರು ಬರೆಸಿ ಬಂದಿದ್ದಾನೆ. ದೀಪಾವಳಿ ಹೊತ್ತಿಗೆ ಸಿಗಬಹುದು ಅಂದಿದ್ದಾರಂತೆ. ಯಾವ ವರ್ಷದ ದೀಪಾವಳಿ ಅಂತ ಅವರೂ ಹೇಳಿಲ್ಲ, ಇವನೂ ಕೇಳಿಲ್ಲ.